ಬಾನುಲಿ ಧಾರಾವಾಹಿಯ ನಟಿಗೆ ಕಂಠವಷ್ಟೇ ಸಾಲದು

ಮಾನ್ಯ ಸಂಪಾದಕರಿಗೆ,

ಧಾರಾವಾಹಿಗಳ ಚರಿತ್ರೆ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಅಮೆರಿಕದ ಬಾನುಲಿ ಕಾಲವನ್ನು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದೆ. ಆಗಿನ ನಟಿಯರಿಗೆ ಇಂಪಾದ ಕಂಠವಿದ್ದರೆ ಸಾಕಿತ್ತು, ಮಾತು ಬಾಯಿಪಾಠ ಮಾಡಬೇಕಿರಲಿಲ್ಲ, ಹಾಳೆ ನೋಡಿ ಓದಿದರೆ ಕೆಲಸ ಮುಗಿಯುತ್ತಿತ್ತು ಎಂದು ಅಲ್ಲಿ ಬರೆದಿದೆ. ಬಾಯಿಪಾಠ ಬೇಕಿರಲಿಲ್ಲ ಎಂಬುದು ಸರಿ. ಮಿಕ್ಕದ್ದು ಸರಿಯಲ್ಲ. ಇಂಪಾದ ಕಂಠದವರು ಆಗ ಧಾರಾವಾಹಿಗಳು ನಡೆಯುತ್ತಿದ್ದ ಶಿಕಾಗೊದಲ್ಲಿ ಬೇಕಾದಷ್ಟಿದ್ದರು. ಇಪ್ಪತ್ತೇಳು ವರ್ಷ ಒಂದೇ ಪಾತ್ರದಲ್ಲಿ ನಿಂತವರು ಮಾತ್ರ ಬೆರಳೆಣಿಕೆಯಷ್ಟು.

ಅವರಲ್ಲಿ ಮೊದಲು ಹೇಳಬೇಕಾದ ಹೆಸರು ವರ್ಜೀನಿಯಾ ಪೇನ್. ಊರು ಸಿನ್ಸಿನಾಟಿ. ‘ಮಾ ಪರ್ಕಿನ್ಸ್’ ಧಾರಾವಾಹಿ ಅಲ್ಲಿನ ಡಬ್ಲ್ಯೂಎಲ್‌ಡಬ್ಲ್ಯೂ ಕೇಂದ್ರದಲ್ಲಿ 1933ರ ಆಗಸ್ಟ್‌ನಲ್ಲಿ ಶುರುವಾಯಿತು. ಅದೇ ಡಿಸೆಂಬರ್ 4ರಿಂದ ಶಿಕಾಗೊದಿಂದ ಎನ್‌ಬಿಸಿ ಎಂಬ ಬಾನುಲಿ ಜಾಲದ (ಒಂದೇ ಕಾರ್ಯಕ್ರಮ ಹಂಚಿಕೊಳ್ಳುವ ಕೇಂದ್ರಗಳ ಸಮೂಹದ) ಮೂಲಕ ದೇಶಕ್ಕೆಲ್ಲ ಕೇಳತೊಡಗಿತು. ಪಾತ್ರ ಒಬ್ಬ ವಿಧವೆಯದು. ರಷ್‌ವಿಲ್ ಸೆಂಟರ್ ಎಂಬ ಕಲ್ಪಿತ ಊರಿನಲ್ಲಿ ಮರದ ಅಡ್ಡೆ ನಡೆಸುವ, ಮಕ್ಕಳು ಮದುವೆಗೆ ಬಂದ ಹಿರಿಯ ಹೆಂಗಸು. ಅದನ್ನು ಕೈಗೆತ್ತಿಕೊಂಡಾಗ ಪೇನ್ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದರು. 1960ರ ನವೆಂಬರ್ 25ರಂದು ಇನ್ನೊಂದು ಜಾಲವಾದ ಸಿಬಿಎಸ್‌ನಲ್ಲಿ ಕಥೆ ಮುಗಿದಾಗ ಪ್ರಸಾರಗಳ ಲೆಕ್ಕ 7,065. ಒಂದನ್ನೂ ಅವರು ತಪ್ಪಿಸಲಿಲ್ಲ ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು.

ಆ ಕೆಲಸದ ಒಳಗೆ ಏನೇನಿತ್ತು ನೋಡಿ.

ಮೊದಲನೆಯದು ಗಡಿಯಾರ. ಹಗಲಿನ ಧಾರಾವಾಹಿಗೆ ಸಿಗುತ್ತಿದ್ದದ್ದು ವಾರಕ್ಕೆ ಐದು ದಿನ, ದಿನಕ್ಕೆ 15 ನಿಮಿಷ. ಅದರಲ್ಲಿ ಶೀರ್ಷಿಕೆಯ ಆರ್ಗನ್ ವಾದನ, ಉದ್ಘೋಷಕನ ಪೀಠಿಕೆ, ಮೊದಲಿಗೂ ಕೊನೆಗೂ ಸಾಬೂನಿನ ಜಾಹೀರಾತು, ಜಾಲದ ಹೆಸರು ಹೇಳುವ ಬಿಡುವು ಎಲ್ಲ ಕಳೆದರೆ ನಾಟಕಕ್ಕೆ ಉಳಿಯುವುದು 11ರಿಂದ 12 ನಿಮಿಷ. ಇಂಗ್ಲಿಷ್ ಸಂಭಾಷಣೆ ನಿಮಿಷಕ್ಕೆ ಸುಮಾರು 150 ಪದದ ಓಟದಲ್ಲಿ ಸಾಗುತ್ತದೆ. ಬಾಗಿಲ ಸದ್ದು, ಮೌನ, ದೃಶ್ಯದ ನಡುವಿನ ಆರ್ಗನ್ ತೆಗೆದರೆ ಆ ದಿನದ ಮಾತೆಲ್ಲ ಸೇರಿ 1,500 ಪದದ ಆಚೀಚೆ. ತಾಲೀಮು ಒಂದು ಗಂಟೆ ಸಿಕ್ಕರೆ ಹೆಚ್ಚು. ಮೊದಲ ಸುತ್ತು ಮೇಜಿನ ಸುತ್ತ ಕೂತು ಓದುವುದು, ಎರಡನೆಯದು ಮೈಕ್ ಮುಂದೆ ಸದ್ದಿನವನ ಜೊತೆ, ಮೂರನೆಯದು ಸ್ಟಾಪ್‌ವಾಚ್ ಹಿಡಿದು ಪೂರ್ತಿ ಪ್ರಯೋಗ. ನಿರ್ದೇಶಕ ಅರ್ಧರ್ಧ ನಿಮಿಷಕ್ಕೆ ತನ್ನ ಪ್ರತಿಯ ಅಂಚಿನಲ್ಲಿ ಸಮಯ ಗುರುತು ಹಾಕುತ್ತಾನೆ. ಹೆಚ್ಚಾದರೆ ಕತ್ತರಿಸಬಹುದಾದ ಸಾಲುಗಳಿಗೆ ಎಲ್ಲರೂ ಪೆನ್ಸಿಲಿನಲ್ಲಿ ಆವರಣ ಎಳೆದುಕೊಳ್ಳುತ್ತಾರೆ.

ನೇರ ಪ್ರಸಾರದಲ್ಲಿ ಈ ಲೆಕ್ಕ ತಪ್ಪದೆ ಇರುವುದಿಲ್ಲ. ತಾಲೀಮಿನಲ್ಲಿ ಹಗುರವಾಗಿ ಆಡಿದವರು ಪ್ರಸಾರದ ಹೊತ್ತಿಗೆ ಭಾವ ತುಂಬಿ ನಿಧಾನಿಸುತ್ತಾರೆ. ಅಳುವ ದೃಶ್ಯವಂತೂ ಯಾವಾಗಲೂ ಹಿಗ್ಗುತ್ತದೆ. ಆಗ ಗಾಜಿನಾಚೆ ಕೂತ ನಿರ್ದೇಶಕನಿಂದ ಕೈಸನ್ನೆ ಬರುತ್ತದೆ. ಬೆರಳನ್ನು ಗಿರ್ರೆಂದು ತಿರುಗಿಸಿದರೆ ಬೇಗ. ಎರಡೂ ಕೈ ರಬ್ಬರ್ ಎಳೆದಂತೆ ಅಗಲಿಸಿದರೆ ಎಳೆ. ಮೂಗಿನ ಮೇಲೆ ಬೆರಳಿಟ್ಟರೆ ಸಮಯ ಕರಾರುವಾಕ್ಕಾಗಿದೆ. ಈಗ ನಟಿಯ ಕಣ್ಣಿನ ಪಾಡು ಯೋಚಿಸಿ. ಒಂದು ಕಣ್ಣು ಹಾಳೆಯ ಸಾಲಿನ ಮೇಲೆ, ಒಂದು ಗಾಜಿನ ಕಡೆಗೆ, ಇನ್ನು ಎದುರು ನಿಂತ ನಟನ ಮುಖ ನೋಡದಿದ್ದರೆ ಮಾತು ಮಾತಾಗುವುದೇ ಇಲ್ಲ. ಬೇಗ ಎಂಬ ಸನ್ನೆ ಬಂದಾಗ ಹೊಸಬರು ಪದಗಳನ್ನೇ ಓಡಿಸುತ್ತಾರೆ, ಕೇಳುವವರಿಗೆ ಗಾಬರಿಯಾದಂತೆ ಕೇಳುತ್ತದೆ. ನುರಿತವರು ಪದದ ವೇಗ ಮುಟ್ಟುವುದಿಲ್ಲ. ಎದುರಿನವರ ಮಾತು ಮುಗಿದು ತಮ್ಮದು ಶುರುವಾಗುವ ನಡುವಿನ ಸಂದನ್ನು ಕಿರಿದು ಮಾಡುತ್ತಾರೆ. ಒಂದು ದೃಶ್ಯದಲ್ಲಿ ಅರವತ್ತು ಮಾತಿದ್ದರೆ ಒಂದೊಂದರಲ್ಲಿ ಅರ್ಧ ಸೆಕೆಂಡು ಉಳಿಸಿದರೂ ಅರ್ಧ ನಿಮಿಷ ಕೈಗೆ ಬಂತು, ಕೇಳುಗರಿಗೆ ಸುಳಿವೂ ಸಿಗಲಿಲ್ಲ.

ಎರಡನೆಯದು ಮೈಕ್. ಆಗಿನ ಸ್ಟುಡಿಯೊಗಳ ಹೆಸರಾಂತ ಉಪಕರಣ ಆರ್‌ಸಿಎ 44 ಸರಣಿಯ ರಿಬ್ಬನ್ ಮೈಕ್. ತೂಕ ಹತ್ತಿರಹತ್ತಿರ ನಾಲ್ಕು ಕಿಲೊ. ಒಳಗೆ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ, ಸುಕ್ಕು ಹಾಕಿದ ಅಲ್ಯುಮಿನಿಯಂ ತಗಡು ತೂಗಾಡುತ್ತಿರುತ್ತದೆ. ಅದು ಮುಂದಿನಿಂದ ಬಂದ ಸದ್ದನ್ನೂ ಹಿಂದಿನಿಂದ ಬಂದ ಸದ್ದನ್ನೂ ಒಂದೇ ಬಲದಲ್ಲಿ ಹಿಡಿಯುತ್ತದೆ, ಎಡಬಲದಿಂದ ಬಂದದ್ದನ್ನು ಬಹುತೇಕ ಹಿಡಿಯುವುದೇ ಇಲ್ಲ. ಬಾನುಲಿ ನಾಟಕದ ಚಲನೆಯೆಲ್ಲ ಈ ಒಂದು ಗುಣದ ಮೇಲೆ ನಿಂತಿತ್ತು. ಇಬ್ಬರು ನಟರು ಮೈಕಿನ ಎರಡು ಮುಖಕ್ಕೆ ಎದುರುಬದುರಾಗಿ ನಿಂತು ಒಬ್ಬರ ಕಣ್ಣು ಇನ್ನೊಬ್ಬರು ನೋಡುತ್ತ ಮಾತಾಡಬಹುದು. ಬಾಗಿಲಾಚೆಯಿಂದ ಬರುವ ಪಾತ್ರ ಸತ್ತ ಬದಿಯಲ್ಲಿ, ಅಂದರೆ ಮೈಕಿನ ಪಕ್ಕದಲ್ಲಿ ನಿಂತು ಮೊದಲ ಮಾತು ಆಡಿ, ಆಡುತ್ತಲೇ ಎರಡು ಹೆಜ್ಜೆ ಸುತ್ತಿ ಮುಂಭಾಗಕ್ಕೆ ಬರಬೇಕು. ಕೇಳುವವರಿಗೆ ಆಕೆ ಪಡಸಾಲೆ ದಾಟಿ ಬಂದಂತೆ ಭಾಸವಾಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ದೂರದಿಂದ ಬರುವ ಮಾತನ್ನು ಸಣ್ಣ ದನಿಯಲ್ಲಿ ಆಡುವುದು. ಹಾಗೆ ಮಾಡಿದರೆ ಹತ್ತಿರವೇ ನಿಂತು ಪಿಸುಗುಟ್ಟಿದಂತೆ ಕೇಳುತ್ತದೆ. ದೂರದವರು ಗಟ್ಟಿಯಾಗಿಯೇ ಕೂಗಬೇಕು, ಕಡಿಮೆಯಾಗಬೇಕಾದದ್ದು ಮೈಕಿಗೆ ಬೀಳುವ ಪಾಲು ಮಾತ್ರ.

ಸಾಮಾನ್ಯ ಮಾತುಕತೆಗೆ ಒಂದೂವರೆ ಅಡಿಯ ಅಂತರ ಹಿತ. ಇನ್ನೂ ಹತ್ತಿರ ಹೋದರೆ ರಿಬ್ಬನ್ ಮೈಕ್ ದನಿಯ ತಗ್ಗಿನ ಭಾಗವನ್ನು ಉಬ್ಬಿಸುತ್ತದೆ. ಮನದೊಳಗಿನ ಮಾತು, ಮಲಗಿದ ಮಗುವಿನ ಪಕ್ಕದ ಮಾತು ಇಂಥದಕ್ಕೆ ಬೇಕೆಂದೇ ಆರಂಗುಲಕ್ಕೆ ಬರುತ್ತಿದ್ದರು. ಗೊತ್ತಿಲ್ಲದೆ ಬಂದರೆ ಹದಿನೆಂಟರ ಹುಡುಗಿಯ ದನಿಗೆ ನಲವತ್ತು ದಾಟುತ್ತದೆ. ಉಸಿರು ನೇರವಾಗಿ ಬಡಿದರೆ ಅದಕ್ಕಿಂತ ಕೇಡು. ಪ, ಬ, ಫ ಅಕ್ಷರಗಳ ಜೊತೆ ಹೊರಡುವ ಗಾಳಿಯ ಗುದ್ದಿಗೆ ಆ ತಗಡು ಹಿಗ್ಗಿ ಜೋತುಬೀಳುತ್ತದೆ, ಆಮೇಲೆ ಎಲ್ಲರ ದನಿಯೂ ಮಂಕು. ಅದಕ್ಕೇ ಬಾಯಿಯನ್ನು ಮೈಕಿಗೆ ಸ್ವಲ್ಪ ಓರೆಯಾಗಿ ಇಟ್ಟುಕೊಂಡು, ಮಾತನ್ನು ಅದರ ಮೇಲೆ ಹಾಯಿಸುವಂತೆ ಆಡುವುದು ರೂಢಿ. ಬೈಗುಳದ ದೃಶ್ಯದಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿಯಬೇಕು. ಆ ಸರಿಯುವಿಕೆ ಬೈಗುಳಕ್ಕೆ ಮುಂಚೆಯೇ ಆಗಬೇಕು, ಆಮೇಲೆ ಸರಿದರೆ ಏನು ಬಂತು!

ಇನ್ನು ಹಾಳೆ. ‘ಓದಿದರೆ ಆಯಿತು’ ಎಂದು ಬರೆದವರು ಒಮ್ಮೆ ಎಂಟು ಹಾಳೆ ಕೈಯಲ್ಲಿ ಹಿಡಿದು, ಸದ್ದೇ ಇಲ್ಲದೆ ತಿರುವುತ್ತ, ಜಗಳ ಆಡಿ ನೋಡಲಿ. ಪಿನ್ನು ಮೊದಲೇ ಕಿತ್ತುಹಾಕಬೇಕು. ಓದಿದ ಹಾಳೆಯನ್ನು ಮಡಚದೆ, ಬೇರೆಯವರ ಮಾತು ನಡೆದಿರುವಾಗ, ಮೈಕಿನ ಸತ್ತ ಬದಿಗೆ ಕೈ ಚಾಚಿ, ಹಿಂದಕ್ಕೆ ಜಾರಿಸಬೇಕು. ಹಾಳೆ ಬಾಯಿಗೂ ಮೈಕಿಗೂ ನಡುವೆ ಬಂದರೆ ದನಿ ಮುಚ್ಚಿಕೊಳ್ಳುತ್ತದೆ, ಎದೆಯ ಮಟ್ಟಕ್ಕೆ ಇಳಿದರೆ ತಲೆ ಬಾಗಿ ಮಾತು ನೆಲಕ್ಕೆ ಹೋಗುತ್ತದೆ. ಕಣ್ಣಿನ ಎತ್ತರಕ್ಕೆ, ಮೈಕಿನ ಪಕ್ಕಕ್ಕೆ ಹಿಡಿಯುವುದೊಂದೇ ದಾರಿ. ವಾಕ್ಯದ ನಡುವೆ ಹಾಳೆ ಮುಗಿಯುವಂತಿದ್ದರೆ ಮುಂದಿನ ಹಾಳೆಯ ಮೊದಲ ನಾಲ್ಕು ಪದವನ್ನು ಹಿಂದಿನದರ ತುದಿಯಲ್ಲಿ ಬರೆದುಕೊಳ್ಳುವುದು ಬುದ್ಧಿವಂತರ ಪದ್ಧತಿ. ಎರಡು ಸಾಲು ಒಂದೇ ಪದದಿಂದ ಶುರುವಾದಲ್ಲಿ ಕಣ್ಣು ಜಾರಿ ಒಂದು ಸಾಲು ಹಾರಿಹೋಗುತ್ತದೆ. ಅಂಥ ಕಡೆ ಮೊದಲೇ ಅಡಿಗೆರೆ. ಆದರೂ ನಾಲಿಗೆ ತೊಡರಿತೋ, ತಿದ್ದಲು ಹೋಗಬಾರದು. ತಿದ್ದಿದರೆ ತಪ್ಪು ಎರಡು ಸಲ ಕೇಳುತ್ತದೆ. ಅದೇ ಪಾತ್ರದ ಉದ್ವೇಗವೆಂಬಂತೆ ಮುಂದುವರಿದರೆ ಹತ್ತರಲ್ಲಿ ಒಂಬತ್ತು ಜನ ಗಮನಿಸುವುದಿಲ್ಲ. (ಓದುತ್ತಿರುವವರ ಸ್ಕ್ರಿಪ್ಟಿಗೆ ತುದಿಯಲ್ಲಿ ಬೆಂಕಿ ಹಚ್ಚಿ ತಮಾಷೆ ನೋಡುವ ಸಹನಟರೂ ಆ ಕಾಲದ ಸ್ಟುಡಿಯೊಗಳಲ್ಲಿ ಇದ್ದರು. ಕಸುಬು ಎಷ್ಟು ಕೈವಶವಾಗಿತ್ತು ಎನ್ನುವುದಕ್ಕೆ ಇದೂ ಒಂದು ಸಾಕ್ಷಿ ಎನ್ನಿ.)

ಮುದಿ ದನಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಎಳೆಯ ನಟಿ ಮುದುಕಿಯ ಪಾತ್ರಕ್ಕೆ ಹೊರಟರೆ ಮೊದಲು ಮಾಡುವುದು ದನಿ ನಡುಗಿಸುವುದು. ನಮ್ಮ ಹವ್ಯಾಸಿ ನಾಟಕಗಳಲ್ಲೂ ಇದೇ ಕಾಯಿಲೆ. ಒಂದು ಸಂಜೆಯ ಪ್ರದರ್ಶನಕ್ಕೆ ಅದು ನಡೆದೀತು. ವಾರಕ್ಕೆ ಐದು ದಿನ ನಡುಗಿಸಿದರೆ ಗಂಟಲು ತಿಂಗಳೊಪ್ಪತ್ತಿನಲ್ಲಿ ಕೈಕೊಡುತ್ತದೆ, ಕೇಳುವವರೂ ಬೇಸತ್ತು ಹೋಗುತ್ತಾರೆ. ಬಾಳಿಕೆ ಬರುವ ದಾರಿ ಬೇರೆ. ಸ್ಥಾಯಿಯನ್ನು ಒಂದೆರಡು ಮೆಟ್ಟಿಲು ಮಾತ್ರ ಇಳಿಸುವುದು, ಕೆಳದವಡೆ ಸಡಿಲ ಬಿಡುವುದು, ಉಸಿರನ್ನು ವಾಕ್ಯದ ಕೊನೆಯಲ್ಲಿ ತೆಗೆದುಕೊಳ್ಳದೆ ನಡುವೆ ತೆಗೆದುಕೊಳ್ಳುವುದು, ಕೊನೆಯ ಅಕ್ಷರಗಳನ್ನು ಪೂರ್ತಿ ಎತ್ತದೆ ಬಿಡುವುದು. ಮುಖ್ಯವಾಗಿ, ಉತ್ತರ ಕೊಡುವ ಮೊದಲು ಒಂದು ಚೂರು ತಡೆಯುವುದು. ವಯಸ್ಸು ಕೇಳಿಸುವುದು ಆ ತಡೆಯಲ್ಲಿ. ಮಾ ಪರ್ಕಿನ್ಸ್ ಪಾತ್ರಕ್ಕೆ ಇದರ ಜೊತೆಗೆ ಹಳ್ಳಿಗಾಡಿನ ಉಚ್ಚಾರವೂ ಬೇಕಿತ್ತು. ಪೇನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ವೈದ್ಯರ ಮಗಳು. ಅವರ ಸ್ವಂತ ಮಾತಿಗೂ ಪಾತ್ರದ ಮಾತಿಗೂ ಸಂಬಂಧವೇ ಇರಲಿಲ್ಲ.

ಸ್ಕ್ರಿಪ್ಟಿನ ಜೋಡಣೆಯೂ ನಟಿಗೆ ಸುಲಭದ್ದಾಗಿರಲಿಲ್ಲ. ಅಡುಗೆ, ಬಟ್ಟೆ ಒಗೆಯುವ ನಡುವೆ ಕೇಳುವ ಗೃಹಿಣಿ ವಾರದಲ್ಲಿ ಒಂದೆರಡು ದಿನ ತಪ್ಪಿಸಿಕೊಳ್ಳುತ್ತಾಳೆಂದು ಲೆಕ್ಕ ಹಾಕಿಯೇ ಬರೆಯುತ್ತಿದ್ದರು. ಹಾಗಾಗಿ ನಡೆದದ್ದನ್ನೇ ಮತ್ತೆಮತ್ತೆ ಹೇಳಬೇಕು. ‘ಹಾಗಾದರೆ ಮೊನ್ನೆ ಅವನು ಕಾಗದ ಬರೆದದ್ದು ದುಡ್ಡಿಗಾಗಿಯೇ ಅನ್ನು’ ಎಂಬಂಥ ಸಾಲನ್ನು ನಾಲ್ಕು ದಿನ ನಾಲ್ಕು ಬಗೆಯಲ್ಲಿ, ಈಗಷ್ಟೇ ಹೊಳೆದಂತೆ ಹೇಳುವುದು ನಟಿಯ ಪಾಲಿನ ಕೆಲಸ. ಬಾನುಲಿಯಲ್ಲಿ ಸುಮ್ಮನೆ ಕೂತ ಪಾತ್ರ ಇಲ್ಲದ ಪಾತ್ರವೇ. ಆದ್ದರಿಂದ ಕೋಣೆಯಲ್ಲಿರುವವರನ್ನು ಆಗಾಗ ಹೆಸರು ಹಿಡಿದು ಕರೆಯುತ್ತಿರಬೇಕು, ಅದು ಹಾಜರಿ ಕರೆದಂತೆ ಕೇಳಿಸಲೂ ಬಾರದು. ಖರ್ಚಿನ ಕಾರಣಕ್ಕೆ ದಿನಕ್ಕೆ ಮೂರೋ ನಾಲ್ಕೋ ಪಾತ್ರ ಮಾತ್ರ ಇರುತ್ತಿದ್ದವು. ಮುಖ್ಯ ಪಾತ್ರಧಾರಿಗೆ ಬಿಡುವು ಬೇಕಾದರೆ ಆ ಪಾತ್ರ ಪ್ರವಾಸ ಹೋಗುತ್ತಿತ್ತು, ಇಲ್ಲವೇ ಜ್ಞಾನ ತಪ್ಪಿ ಆಸ್ಪತ್ರೆಯಲ್ಲಿ ಮಲಗುತ್ತಿತ್ತು. ಇಂದಿನ ಟಿ.ವಿ. ಧಾರಾವಾಹಿಗಳ ಪ್ರಜ್ಞಾಹೀನ ನಾಯಕಿಯರನ್ನು ನೋಡಿ ನಗುವವರು ಇದರ ಮೂಲ ಎಲ್ಲಿದೆ ಎಂದು ತಿಳಿಯಲಿ.

ಒಂದು ಸಲ ಆಡಿ ಮನೆಗೆ ಹೋಗುವ ಹಾಗೂ ಇರಲಿಲ್ಲ. ಅಮೆರಿಕದ ಪೂರ್ವ ತೀರಕ್ಕೂ ಪಶ್ಚಿಮ ತೀರಕ್ಕೂ ಮೂರು ಗಂಟೆಯ ವ್ಯತ್ಯಾಸ. ಧ್ವನಿಮುದ್ರಿಕೆ ಹಾಕುವುದನ್ನು ದೊಡ್ಡ ಜಾಲಗಳು ಎರಡನೇ ಮಹಾಯುದ್ಧ ಮುಗಿಯುವವರೆಗೂ ಒಪ್ಪಲಿಲ್ಲ. ಹಾಗಾಗಿ ಹಲವು ಧಾರಾವಾಹಿಗಳ ತಂಡ ಅದೇ ಸ್ಕ್ರಿಪ್ಟನ್ನು ಕೆಲವು ಗಂಟೆ ಬಿಟ್ಟು ಪಶ್ಚಿಮದವರಿಗಾಗಿ ಮತ್ತೊಮ್ಮೆ ನೇರವಾಗಿ ಆಡುತ್ತಿತ್ತು. 1940ರ ದಶಕದ ಬಹುಭಾಗ ‘ಮಾ ಪರ್ಕಿನ್ಸ್’ ಸಿಬಿಎಸ್, ಎನ್‌ಬಿಸಿ ಎರಡರಲ್ಲೂ ಬೇರೆ ಬೇರೆ ಹೊತ್ತಿಗೆ ಬರುತ್ತಿತ್ತು. ಸಣ್ಣ ಪಾತ್ರದವರಿಗೆ ಒಂದೇ ಧಾರಾವಾಹಿ ಹೊಟ್ಟೆಗೆ ಸಾಲದು. ಹಗಲಿಗೆ ಅರವತ್ತಕ್ಕೂ ಹೆಚ್ಚು ಧಾರಾವಾಹಿ ನಡೆಯುತ್ತಿದ್ದ ಕಾಲವದು. ಶಿಕಾಗೊದಲ್ಲಿ ಮರ್ಚಂಡೈಸ್ ಮಾರ್ಟ್ ಕಟ್ಟಡದ ಎನ್‌ಬಿಸಿಯಿಂದ ರಿಗ್ಲಿ ಕಟ್ಟಡದ ಸಿಬಿಎಸ್‌ಗೆ, ಅಲ್ಲಿಂದ ರಸ್ತೆ ದಾಟಿ ಟ್ರಿಬ್ಯೂನ್ ಗೋಪುರದ ಬಾನುಲಿ ಕೇಂದ್ರ ಡಬ್ಲ್ಯೂಜಿಎನ್‌ಗೆ ಓಡುತ್ತಿದ್ದರು. ತಾಲೀಮಿಗೆ ಬದಲಿ ಆಳನ್ನು ನಿಲ್ಲಿಸಿ ಪ್ರಸಾರಕ್ಕೆ ಮಾತ್ರ ಓಡಿಬರುವವರಿಗೂ ಕೊರತೆ ಇರಲಿಲ್ಲ. ಇದರಿಂದ ಕೆಟ್ಟದ್ದು ಏನು ಎಂದರೆ, ತಾಲೀಮಿನಲ್ಲಿ ಕತ್ತರಿಸಿದ ಸಾಲು ಓಡಿಬಂದವರ ಪ್ರತಿಯಲ್ಲಿ ಹಾಗೇ ಉಳಿದಿರುತ್ತಿತ್ತು.

ಇಷ್ಟೆಲ್ಲ ಮಾಡಿದವರಿಗೆ ಪಾತ್ರದ ಮೇಲೆ ಹಕ್ಕು ಎಷ್ಟಿತ್ತು? ನಿಮ್ಮ ಲೇಖನ ಮುಟ್ಟದ ಭಾಗ ಇದು. 1930ರ ಅಕ್ಟೋಬರ್ 20ರಂದು ಡಬ್ಲ್ಯೂಜಿಎನ್‌ನಲ್ಲಿ ಆರಂಭವಾದ ‘ಪೇಂಟೆಡ್ ಡ್ರೀಮ್ಸ್’ ಅನ್ನು ಹಗಲಿನ ಧಾರಾವಾಹಿಗಳಲ್ಲಿ ಮೊದಲನೆಯದೆಂದು ಎಣಿಸುವವರು ಹಲವರು. ಅದನ್ನು ಬರೆದವರೂ ತಾಯಿಯ ಪಾತ್ರ ಆಡಿದವರೂ ಅರ್ನಾ ಫಿಲಿಪ್ಸ್. ಶಾಲಾ ಶಿಕ್ಷಕಿಯಾಗಿದ್ದವರು. ಧಾರಾವಾಹಿಯನ್ನು ಜಾಲಕ್ಕೆ ಒಯ್ಯಲು ಹೊರಟಾಗ ಕೇಂದ್ರ ಅದು ತನ್ನ ಸ್ವತ್ತು ಎಂದಿತು. ಫಿಲಿಪ್ಸ್ 1932ರಲ್ಲಿ ಹೊರಬಂದರು, ನ್ಯಾಯಾಲಯದಲ್ಲಿ ಸೋತರು. ಆ ಪೆಟ್ಟಿನಿಂದ ಕಲಿತು ಮುಂದಿನವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1937ರಲ್ಲಿ ಶುರುವಾದ ‘ಗೈಡಿಂಗ್ ಲೈಟ್’ ಅವರದೇ.

‘ಕ್ಲಾರಾ, ಲೂ ಅಂಡ್ ಎಮ್’ನ ಕಥೆ ಇದಕ್ಕೆ ತದ್ವಿರುದ್ಧ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗೆಳತಿಯರಾದ ಲೂಯಿಸ್ ಸ್ಟಾರ್ಕಿ, ಇಸೊಬೆಲ್ ಕ್ಯಾರದರ್ಸ್, ಹೆಲೆನ್ ಕಿಂಗ್ ತಾವೇ ಕಟ್ಟಿ, ತಾವೇ ಬರೆದು, ತಾವೇ ಆಡಿದ್ದು. 1932ರ ಫೆಬ್ರುವರಿಯಲ್ಲಿ ಅದು ಜಾಲದ ಹಗಲು ಹೊತ್ತಿಗೆ ಬಂತು. 1937ರಲ್ಲಿ ಕ್ಯಾರದರ್ಸ್ ತೀರಿಕೊಂಡಾಗ ಉಳಿದಿಬ್ಬರು ಕಾರ್ಯಕ್ರಮವನ್ನೇ ನಿಲ್ಲಿಸಿದರು. ಜಾಹೀರಾತು ಸಂಸ್ಥೆಗಳ ಸ್ವತ್ತಾಗಿದ್ದ ಧಾರಾವಾಹಿಗಳಲ್ಲಿ ಹೀಗೆ ಆಗುವಂತಿರಲಿಲ್ಲ. ‘ದಿ ರೊಮಾನ್ಸ್ ಆಫ್ ಹೆಲೆನ್ ಟ್ರೆಂಟ್’ ಧಾರಾವಾಹಿಯ ಹೆಲೆನ್ ಪಾತ್ರವನ್ನು ವರ್ಜೀನಿಯಾ ಕ್ಲಾರ್ಕ್ ವರ್ಷಗಟ್ಟಲೆ ಆಡಿದರು. ಅವರು ಬಿಟ್ಟ ಮೇಲೆ ಬೇರೆಯವರು ಬಂದರು, 1944ರಿಂದ 1960ರವರೆಗೆ ಜೂಲಿ ಸ್ಟೀವನ್ಸ್ ಆಡಿದರು. ದನಿ ಬದಲಾಯಿತು, ಹೆಲೆನ್ ಮಾತ್ರ ಮೂವತ್ತೈದರ ವಯಸ್ಸಿನಲ್ಲೇ ಗಟ್ಟಿಯಾಗಿ ಕೂತಿದ್ದಳು.

ಪೇನ್ ಅವರ ವಿಷಯಕ್ಕೆ ಬಂದರೆ, ಅವರ ಹೆಸರನ್ನು ಬಹುಕಾಲ ಗಾಳಿಯಲ್ಲಿ ಹೇಳಲೇ ಇಲ್ಲ. ಪ್ರಾಯೋಜಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಆಕ್ಸಿಡಾಲ್ ಸಾಬೂನು ಪುಡಿಯ ಹೆಸರು ದಿನವೂ ಮೊಳಗುತ್ತಿತ್ತು. ಸಾರ್ವಜನಿಕ ಸಮಾರಂಭಕ್ಕೆ ಹೋಗುವಾಗ ಅವರು ನರೆಗೂದಲ ಟೋಪನ್ ಹಾಕಿ, ಕನ್ನಡಕ ತೊಟ್ಟು ಮಾ ಪರ್ಕಿನ್ಸ್ ಆಗಿಯೇ ಹೋಗುತ್ತಿದ್ದರು. ಕೇಳುಗರ ಮನಸ್ಸಿನ ಮುದುಕಿ ಕೆಡಬಾರದು ಎಂಬುದು ಪ್ರಾಯೋಜಕರ ಲೆಕ್ಕಾಚಾರ. ನಟಿಗಾದ ನಷ್ಟ ಸರಳ: ಹೆಸರಿಲ್ಲದವರು ಬೇರೆ ಕಡೆ ಕೆಲಸ ಕೇಳುವುದು ಕಷ್ಟ, ಸಂಭಾವನೆಗೆ ಪಟ್ಟು ಹಿಡಿಯುವುದು ಇನ್ನೂ ಕಷ್ಟ. 1937ರಲ್ಲಿ ಬಾನುಲಿ ಕಲಾವಿದರ ಸಂಘ ಹುಟ್ಟಿ ಮರುವರ್ಷ ಜಾಲಗಳೊಡನೆ ಒಪ್ಪಂದ ಮಾಡಿಕೊಂಡ ಮೇಲೆಯೇ ಕನಿಷ್ಠ ದರ, ತಾಲೀಮಿನ ಹೊತ್ತಿಗೂ ಹಣ ಎಂಬ ಕಟ್ಟುಪಾಡು ಬಂದದ್ದು. ಟೆಲಿವಿಷನ್‌ನವರೂ ಸೇರಿ ಅದು ಆಫ್ಟ್ರಾ ಎಂಬ ಸಂಘವಾಯಿತು. 1950ರ ದಶಕದ ಕೊನೆಗೆ ಅದರ ಅಧ್ಯಕ್ಷೆಯಾದವರು ಇದೇ ಪೇನ್. ಅವರನ್ನು ಬರೀ ಕಂಠವೆಂದು ಕರೆಯುವುದಕ್ಕೆ ನಮ್ಮ ದೊಡ್ಡ ತಕರಾರು ಇರುವುದು ಇಲ್ಲಿ.

ಬಾಯಿಪಾಠದ ಮಾತಿಗೆ ಒಂದು ಉತ್ತರ ಬಾಕಿ ಇದೆ. ‘ಗೈಡಿಂಗ್ ಲೈಟ್’ 1952ರ ಜೂನ್ 30ರಂದು ಟಿ.ವಿ.ಗೆ ಬಂತು, ಬಾನುಲಿಯಲ್ಲೂ 1956ರವರೆಗೆ ನಡೆಯಿತು. ಬರ್ಟ್ ಬಾವರ್ ಪಾತ್ರದ ಚಾರಿಟಾ ಬಾವರ್ ಅಂಥವರು ಆ ವರ್ಷಗಳಲ್ಲಿ ಎರಡೂ ಕಡೆ ದುಡಿದರು. ಒಂದು ಕಡೆ ಹಾಳೆ ಹಿಡಿದು ಮೈಕ್ ಮುಂದೆ, ಇನ್ನೊಂದು ಕಡೆ ಅದೇ ಪಾತ್ರವನ್ನು ಬಾಯಿಪಾಠ ಮಾಡಿ ಕ್ಯಾಮೆರಾ ಮುಂದೆ. ಕಂಠ ಎರಡಕ್ಕೂ ಒಂದೇ. ಬೇಕಾದ ಕೈಚಳಕ ಮಾತ್ರ ಬೇರೆ ಬೇರೆ. ಬಾನುಲಿಯಲ್ಲಿ ಹೆಸರು ಮಾಡಿದ ಅನೇಕರಿಗೆ ಎರಡನೆಯದು ಒಗ್ಗಲಿಲ್ಲ. ಅದು ಅವರ ಅಯೋಗ್ಯತೆಯಲ್ಲ.

1960ರ ಆ ಕೊನೆಯ ಶುಕ್ರವಾರ ಸಿಬಿಎಸ್ ಉಳಿದಿದ್ದ ನಾಲ್ಕು ಹಗಲು ಧಾರಾವಾಹಿಗಳನ್ನೂ ಒಟ್ಟಿಗೆ ನಿಲ್ಲಿಸಿತು. ಟಿ.ವಿ. ಒಂದು ಕಾರಣ. ಸ್ಥಳೀಯ ಕೇಂದ್ರಗಳಿಗೆ ತಮ್ಮದೇ ಜಾಹೀರಾತಿಗೆ ಹೆಚ್ಚು ಹೊತ್ತು ಬೇಕಾಗಿದ್ದು ಇನ್ನೊಂದು. ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಆ ದಿನ ಕಥೆ ಮುಗಿದ ಮೇಲೆ ಪೇನ್ ತಮ್ಮ ಹೆಸರನ್ನು ತಾವೇ ಹೇಳಿಕೊಂಡರು.

ನಮ್ಮಲ್ಲಿ ಈ ಒಂದು ವಿಷಯ ಮೊದಲಿನಿಂದ ಮೇಲು. ಆಕಾಶವಾಣಿಯ ಕನ್ನಡ ನಾಟಕಗಳಲ್ಲಿ ಪಾತ್ರವರ್ಗವನ್ನು ಹೇಳುವ ರೂಢಿ ಇದೆ, ಕಲಾವಿದರಿಗೆ ಧ್ವನಿಪರೀಕ್ಷೆ ನಡೆಸಿ ಶ್ರೇಣಿ ಕೊಡುವ ಪದ್ಧತಿ ಇದೆ. ಈಗ ಕನ್ನಡದಲ್ಲಿ ಪಾಡ್‌ಕಾಸ್ಟ್ ಧಾರಾವಾಹಿ ಮಾಡುತ್ತಿರುವ ಹುಡುಗ ಹುಡುಗಿಯರು ಹಲವು ಕಡೆ ನಿರ್ಮಾಪಕರ ಹೆಸರು ಮಾತ್ರ ಹಾಕಿ, ದನಿ ಕೊಟ್ಟವರನ್ನು ಬಿಟ್ಟುಬಿಡುತ್ತಾರೆ. ಕಂತಿನ ಕೊನೆಗೆ ಹತ್ತು ಸೆಕೆಂಡು ಇದಕ್ಕೆ ಸಾಕು. ನಿಮ್ಮ ಪುರವಣಿಯವರಿಗೂ ಒಂದು ಕೋರಿಕೆ. ಕನ್ನಡದ ಹಿರಿಯ ಬಾನುಲಿ ನಟಿಯರನ್ನು ಮಾತಾಡಿಸುವಾಗ ‘ನಿಮ್ಮ ಕಂಠಸಿರಿಯ ಗುಟ್ಟೇನು’ ಎಂದು ಕೇಳಬೇಡಿ. ಯಾವ ಮೈಕ್ ಇತ್ತು, ಎಷ್ಟು ದೂರ ನಿಲ್ಲುತ್ತಿದ್ದಿರಿ, ಹಾಳೆ ಹೇಗೆ ತಿರುವುತ್ತಿದ್ದಿರಿ, ತಾಲೀಮು ಎಷ್ಟು ಹೊತ್ತು, ಸಂಭಾವನೆ ಎಷ್ಟು ಎಂದು ಕೇಳಿ, ಕೇಳಿದ್ದನ್ನು ಹಾಗೇ ಅಚ್ಚು ಹಾಕಿ.

ಇತಿ,
ಬಾನುಲಿ ನಾಟಕದ ಕೆಲಸ ಬಲ್ಲ ಕೆಲವು ಓದುಗರು,
ಮೈಸೂರು